ಕಂಪ್ಯೂಟರ್ ಕೊಟ್ಟ ಅಂಕಿಯನ್ನು ಒರೆಗೆ ಹಚ್ಚುವುದು: ಲಂಬ ಅಕ್ಷದ ಗಾಳಿಯಂತ್ರಕ್ಕೆ ಗಾಳಿ ಸುರಂಗದ ಪರೀಕ್ಷೆ

ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯ ಎರೆಹೊಲಗಳಲ್ಲಿ ಸಾಲುಗಟ್ಟಿ ನಿಂತಿರುವ ದೊಡ್ಡ ಗಾಳಿಯಂತ್ರಗಳು ಒಂದೇ ಬಗೆಯವು. ಮೂರು ಬ್ಲೇಡು, ಅಡ್ಡ ಶಾಫ್ಟು, ಗಾಳಿ ಬಂದ ಕಡೆಗೆ ಮುಖ ತಿರುಗಿಸುವ ತಲೆ. ಆದರೆ ಮನೆಯ ಮಾಳಿಗೆಯ ಮೇಲೋ ಹೊಲದ ಪಂಪ್‌ಹೌಸಿನ ಪಕ್ಕದಲ್ಲೋ ಸಣ್ಣದೊಂದನ್ನು ನಿಲ್ಲಿಸಲು ಹೊರಟವರು, ಪ್ರಾಜೆಕ್ಟಿಗೆ ವಿಷಯ ಹುಡುಕುವ ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇಗ ಮನಸೋಲುವುದು ಲಂಬ ಅಕ್ಷದ ಯಂತ್ರಕ್ಕೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದು ತಿರುಗುತ್ತದೆ, ಜನರೇಟರು ಕೆಳಗೇ ಕೂರುತ್ತದೆ, ಬ್ಲೇಡುಗಳು ನೇರವಾಗಿರುವುದರಿಂದ ಊರಿನ ವರ್ಕ್‌ಶಾಪಿನಲ್ಲೇ ಮಾಡಿಸಬಹುದು.

ಇಂಥ ಯಂತ್ರದ ವಿನ್ಯಾಸ ಈಗ ಕಂಪ್ಯೂಟರಿನಲ್ಲೇ ಶುರುವಾಗುತ್ತದೆ. ಕ್ಯೂಬ್ಲೇಡ್, ಓಪನ್‌ಫೋಮ್‌ನಂಥ ಉಚಿತ ತಂತ್ರಾಂಶಗಳಿವೆ. ಕೆಲವು ದಿನ ಓಡಿಸಿದರೆ ಬಣ್ಣಬಣ್ಣದ ಚಿತ್ರಗಳ ಜೊತೆಗೆ ಒಂದು ಅಂಕಿ ಕೈಗೆ ಬರುತ್ತದೆ: ಪವರ್ ಕೋಎಫಿಶಿಯೆಂಟ್, ಅಂದರೆ ಸಿಪಿ, 0.42. ರೋಟರಿನ (ಯಂತ್ರದ ತಿರುಗುವ ಭಾಗದ) ಎದುರಿಗೆ ಬಂದ ಗಾಳಿಯ ಶಕ್ತಿಯಲ್ಲಿ ಶೇ 42ರಷ್ಟು ಶಾಫ್ಟಿಗೆ ಬಂತು ಎಂದು ಇದರ ಅರ್ಥ. ಬೆಟ್ಜ್ ಮಿತಿಯ ಪ್ರಕಾರ ಹೆಚ್ಚೆಂದರೆ ಶೇ 59.3 ಬರಬಹುದು. ಚೆನ್ನಾಗಿ ಅಳೆದ ಸಣ್ಣ ನೇರ ಬ್ಲೇಡಿನ ಯಂತ್ರಗಳು ಸಾಮಾನ್ಯವಾಗಿ 0.2ರಿಂದ 0.35ರ ನಡುವೆ ನಿಲ್ಲುತ್ತವೆ. ಹಾಗಾಗಿ 0.42 ಕಂಡ ಕೂಡಲೇ ಕಂಬ ನೆಡಲು ಹೊರಡಬಾರದು. ಮೊದಲು ಗಾಳಿ ಸುರಂಗದಲ್ಲಿ, ಅಂದರೆ ಫ್ಯಾನಿನಿಂದ ಬೇಕಾದ ವೇಗದ ಗಾಳಿ ಬಿಡುವ ಕೊಳವೆಯಂಥ ಜಾಗದಲ್ಲಿ, ಚಿಕ್ಕ ಮಾದರಿ ಇಟ್ಟು ಅದನ್ನು ಒರೆಗೆ ಹಚ್ಚಬೇಕು.

ತೊಡಕು ಇರುವುದು ಇಲ್ಲೇ. ಸುರಂಗದಲ್ಲಿ ಅಳೆದದ್ದೂ ತಪ್ಪಾಗಬಲ್ಲದು. ಅಳತೆಯ ತಪ್ಪು, ಸಿಮ್ಯುಲೇಶನ್ನಿನ (ಕಂಪ್ಯೂಟರಿನ ಅಣಕು ಲೆಕ್ಕದ) ತಪ್ಪು ಎರಡೂ ಒಂದೇ ಕಡೆಗೆ ವಾಲಿದರೆ ಗ್ರಾಫಿನಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂರುತ್ತವೆ, ಹೊಲದಲ್ಲಿ ಯಂತ್ರ ಮಾತ್ರ ನಿರೀಕ್ಷೆಗಿಂತ ಎಷ್ಟೋ ಕಡಿಮೆ ಕೊಡುತ್ತದೆ. ಗೆರೆಗಳು ಹೊಂದಿದವೋ ಇಲ್ಲವೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಎರಡೂ ಕಡೆ ಒಂದೇ ವಸ್ತುವನ್ನು ಅಳೆದೆವೇ ಎಂಬುದು.

ಬ್ಲೇಡು ಒಂದು ಸುತ್ತಿನಲ್ಲಿ ಪಡುವ ಪಾಡು

ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಡಾರಿಯು 1920ರ ದಶಕದಲ್ಲೇ ಈ ಯಂತ್ರದ ಕಲ್ಪನೆ ಮುಂದಿಟ್ಟಿದ್ದ. ಅಮೆರಿಕದ ಪೇಟೆಂಟ್ 1931ರಲ್ಲಿ ಸಿಕ್ಕಿತು. ಆಮೇಲೆ ಅದು ಬಹುಕಾಲ ಮೂಲೆಗೆ ಬಿದ್ದಿತ್ತು. 1960ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಅದನ್ನು ಮತ್ತೆ ಕೈಗೆತ್ತಿಕೊಂಡಿತು. 1970ರ ದಶಕದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 2 ಮೀಟರ್ ವ್ಯಾಸದ ಮಾದರಿಯನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿತು. ಇಷ್ಟು ಹಳೆಯ ಯಂತ್ರದ ಲೆಕ್ಕ ಇಂದಿಗೂ ಕಷ್ಟವಾಗಿರುವುದಕ್ಕೆ ಕಾರಣ ಬ್ಲೇಡಿನ ಮೇಲೆ ಗಾಳಿ ಬೀಳುವ ಕೋನ.

ಬೈಕಿನಲ್ಲಿ ಜೋರಾಗಿ ಹೋಗುವವನಿಗೆ ಪಕ್ಕದಿಂದ ಬೀಸುವ ಗಾಳಿಯೂ ಎದುರಿನಿಂದಲೇ ಬಂದಂತೆ ಅನಿಸುತ್ತದಲ್ಲ, ಬ್ಲೇಡಿಗೂ ಹಾಗೆಯೇ. ಅದು ಎಷ್ಟು ಜೋರಾಗಿ ತಿರುಗುತ್ತದೋ ಗಾಳಿ ಅಷ್ಟು ಎದುರಿನಿಂದ ಬಂದಂತಾಗುತ್ತದೆ. ಬ್ಲೇಡಿನ ವೇಗವನ್ನು ಗಾಳಿಯ ವೇಗದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಟಿಪ್ ಸ್ಪೀಡ್ ರೇಶಿಯೋ, ಚಿಕ್ಕದಾಗಿ ಟಿಎಸ್‌ಆರ್ ಎನ್ನುತ್ತಾರೆ. ಟಿಎಸ್‌ಆರ್ ಬದಲಾದಂತೆ ಸಿಪಿ ಹೇಗೆ ಏರಿಳಿಯುತ್ತದೆಂದು ತೋರಿಸುವುದೇ ಗ್ರಾಫಿನ ಆ ಗೆರೆ. ರೋಟರಿನಿಂದ ಗಾಳಿ ನಿಧಾನವಾಗುವುದನ್ನು ಬಿಟ್ಟು ಬರೀ ಜ್ಯಾಮಿತಿ ಹಿಡಿದರೆ, ಟಿಎಸ್‌ಆರ್ 4 ಇದ್ದಾಗ ಬ್ಲೇಡಿಗೆ ಗಾಳಿ ತಗಲುವ ಕೋನ ಒಂದು ಸುತ್ತಿನಲ್ಲಿ ಎರಡೂ ಕಡೆ 14.5 ಡಿಗ್ರಿವರೆಗೆ ಹೋಗಿ ಬರುತ್ತದೆ. 3 ಆದರೆ 19.5 ಡಿಗ್ರಿ, 2 ಆದರೆ 30 ಡಿಗ್ರಿ. ನಾಕಾ 0018ರಂಥ ಸಮಮಿತಿಯ ಏರೋಫಾಯಿಲ್ (ಬ್ಲೇಡಿನ ಅಡ್ಡ ಕೊಯ್ತದ ಆಕಾರ) ಈ ಸಣ್ಣ ಗಾತ್ರದಲ್ಲಿ 10-12 ಡಿಗ್ರಿ ಆಸುಪಾಸಿನಲ್ಲೇ ಸ್ಟಾಲ್ ಆಗುತ್ತದೆ, ಅಂದರೆ ಗಾಳಿಯ ಹರಿವು ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಬ್ಲೇಡು ಸ್ಟಾಲಿಗೆ ಹೋಗುತ್ತದೆ, ಹೊರಬರುತ್ತದೆ, ತಾನೇ ಎಬ್ಬಿಸಿದ ಸುಳಿಗಳ ನಡುವೆ ಹಿಂಬದಿಯಲ್ಲಿ ಮತ್ತೆ ಹಾಯುತ್ತದೆ. ಕೋನ ಬೇಗಬೇಗ ಬದಲಾಗುವುದರಿಂದ ಸ್ಟಾಲ್ ತಡವಾಗಿ ಬರುತ್ತದೆ, ಬಿಡುವುದೂ ತಡ. ಇದೇ ಡೈನಾಮಿಕ್ ಸ್ಟಾಲ್. ಸಿಮ್ಯುಲೇಶನ್ನುಗಳು ಎಡವುವುದು ಮುಖ್ಯವಾಗಿ ಇಲ್ಲಿ.

ಮಾದರಿ ಎಷ್ಟು ದೊಡ್ಡದಿರಬೇಕು

ಒಂದು ಉದಾಹರಣೆ ಹಿಡಿಯೋಣ. ಹೊಲದಲ್ಲಿ ನಿಲ್ಲಿಸಬೇಕೆಂದಿರುವ ಯಂತ್ರ 2 ಮೀಟರ್ ವ್ಯಾಸ, 2 ಮೀಟರ್ ಎತ್ತರ, ಮೂರು ಬ್ಲೇಡು, ಬ್ಲೇಡಿನ ಅಗಲ 200 ಮಿ.ಮೀ. ಗಾಳಿ ಸೆಕೆಂಡಿಗೆ 6 ಮೀಟರ್, ಟಿಎಸ್‌ಆರ್ 2.5. ಆಗ ಬ್ಲೇಡು ಸೆಕೆಂಡಿಗೆ 15 ಮೀಟರ್ ವೇಗದಲ್ಲಿರುತ್ತದೆ. ವೇಗ, ಬ್ಲೇಡಿನ ಅಗಲ, ಗಾಳಿಯ ಅಂಟುತನ ಮೂರನ್ನೂ ಹಿಡಿದು ಹರಿವಿನ ಬಗೆ ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 1,70,000. ಮಾದರಿಯಲ್ಲೂ ಈ ಸಂಖ್ಯೆ ಹತ್ತಿರ ಹತ್ತಿರ ಇಷ್ಟೇ ಇರಬೇಕು. ಇಲ್ಲದಿದ್ದರೆ ಬ್ಲೇಡಿನ ಮೈಮೇಲಿನ ಹರಿವೇ ಬೇರೆಯಾಗುತ್ತದೆ. ಒಂದು ಲಕ್ಷಕ್ಕಿಂತ ಕೆಳಗೆ ಹರಿವು ನಯವಾಗಿದ್ದುಕೊಂಡೇ ಮೇಲ್ಮೈಯಿಂದ ಬಿಟ್ಟು, ಗುಳ್ಳೆಯಂತೆ ಎದ್ದು, ಮತ್ತೆ ಅಂಟಿಕೊಳ್ಳುವ ವಿಚಿತ್ರ ನಡೆಯುತ್ತದೆ. ಬ್ಲೇಡನ್ನು ಎಳೆದು ತಿರುಗಿಸುವ ಬಲವಾದ ಲಿಫ್ಟ್ ಕುಸಿದು, ತಡೆಯುವ ಬಲವಾದ ಡ್ರ್ಯಾಗ್ ಏರುತ್ತದೆ.

ಐದನೇ ಒಂದರ ಮಾದರಿ ಮಾಡಿದರೆ ವ್ಯಾಸ 400 ಮಿ.ಮೀ., ಬ್ಲೇಡಿನ ಅಗಲ 40 ಮಿ.ಮೀ. ಸುರಂಗದಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಬಿಟ್ಟರೆ ರೆನಾಲ್ಡ್ಸ್ ಸಂಖ್ಯೆ 58,000 ಮಾತ್ರ. 1,70,000ಕ್ಕೆ ಏರಿಸಲು ಗಾಳಿ ಸೆಕೆಂಡಿಗೆ 30 ಮೀಟರ್ ಬೇಕು; ಆಗ ರೋಟರು ನಿಮಿಷಕ್ಕೆ ಸುಮಾರು 3,580 ಸುತ್ತು ತಿರುಗುತ್ತದೆ. ಬ್ಲೇಡಿನ ಮೇಲೆ ಹೊರಕ್ಕೆ ಎಳೆಯುವ ಬಲ ಅದರ ತೂಕದ 2,800 ಪಟ್ಟಿಗೂ ಹೆಚ್ಚು. 50 ಗ್ರಾಂ ತೂಗುವ, 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಬ್ಲೇಡಿಗೆ ಇದು 140 ಕೆ.ಜಿ. ಎಳೆತ. ಅದು ಮಧ್ಯದಲ್ಲಿ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಸ್ಕ್ರೂ ಕಿತ್ತುಕೊಂಡು ಹಾರುತ್ತದೆ.

ಅದನ್ನೇ 800 ಮಿ.ಮೀ. ವ್ಯಾಸ, 800 ಮಿ.ಮೀ. ಎತ್ತರ, 80 ಮಿ.ಮೀ. ಅಗಲದ ಬ್ಲೇಡಿಗೆ ಏರಿಸಿ ನೋಡಿ. ಸೆಕೆಂಡಿಗೆ 15 ಮೀಟರ್ ಗಾಳಿ ಸಾಕು, ಸುತ್ತು ನಿಮಿಷಕ್ಕೆ 900ರ ಒಳಗೆ, ಎಳೆತ ತೂಕದ ಸುಮಾರು 360 ಪಟ್ಟು. ರೆನಾಲ್ಡ್ಸ್ ಸಂಖ್ಯೆಯನ್ನು ಹಾಗೇ ಉಳಿಸಿಕೊಂಡು ಮಾದರಿಯನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ತೂಕಕ್ಕೆ ಹೋಲಿಸಿದ ಈ ಎಳೆತ ಎಂಟನೇ ಒಂದಕ್ಕೆ ಇಳಿಯುತ್ತದೆ. ಚಿಕ್ಕ ಮಾದರಿ ಅಗ್ಗ ಎಂದುಕೊಳ್ಳುವವರು ಈ ಲೆಕ್ಕವನ್ನು ಮೊದಲು ಮಾಡಬೇಕು.

ಆದರೆ ದೊಡ್ಡ ಮಾದರಿಗೆ ದೊಡ್ಡ ಸುರಂಗ ಬೇಕು. ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿರುವ 300 ಅಥವಾ 600 ಮಿ.ಮೀ. ಚೌಕದ ಸುರಂಗದಲ್ಲಿ ಪೂರ್ತಿ ರೋಟರಿನ ಪರೀಕ್ಷೆ ಮಾಡಿ ಸಿಪಿ ಹೇಳಬಾರದು. 400 ಮಿ.ಮೀ. ರೋಟರು 600 ಮಿ.ಮೀ. ಚೌಕದಲ್ಲಿ ಶೇ 44ರಷ್ಟು ಜಾಗ ನುಂಗುತ್ತದೆ. ಗಾಳಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ರೋಟರಿನ ಮೂಲಕವೇ ನುಗ್ಗುತ್ತದೆ, ಸಿಪಿ ಉಬ್ಬುತ್ತದೆ. ಒಂದು ಒರಟು ಲೆಕ್ಕವಿದೆ: ತಡೆಯ ಅನುಪಾತದ (ಸುರಂಗದ ಜಾಗದಲ್ಲಿ ರೋಟರು ನುಂಗಿದ ಪಾಲಿನ) ಕಾಲು ಭಾಗದಷ್ಟು ಗಾಳಿಯ ವೇಗ ಹೆಚ್ಚಿದಂತೆ. 1 ಮೀಟರ್ ಚೌಕದ ಸುರಂಗದಲ್ಲಿ ಇದೇ ರೋಟರು ಶೇ 16 ತಡೆ, ವೇಗ ಶೇ 4 ಹೆಚ್ಚು, ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಸಿಪಿ ಸುಮಾರು ಶೇ 12 ಹೆಚ್ಚು. ಶೇ 10 ದಾಟಿದ ಮೇಲೆ ಈ ಲೆಕ್ಕವನ್ನೂ ನಂಬುವಂತಿಲ್ಲ. ಏಕೆಂದರೆ ಟಿಎಸ್‌ಆರ್ ಏರಿದಂತೆ ರೋಟರು ಗಾಳಿಗೆ ಹೆಚ್ಚು ಗಟ್ಟಿಯಾದ ಗೋಡೆಯಾಗುತ್ತದೆ. ಇಡೀ ಗೆರೆಗೆ ಒಂದೇ ತಿದ್ದುಪಡಿ ಹೊಂದುವುದಿಲ್ಲ.

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ಸುರಂಗವೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು: 14 ಅಡಿ ಅಗಲ, 9 ಅಡಿ ಎತ್ತರದ ದೀರ್ಘವೃತ್ತಾಕಾರದ ಪರೀಕ್ಷಾ ಭಾಗ, ಸುಮಾರು 9.2 ಚದರ ಮೀಟರ್. ನಮ್ಮ 800 ಮಿ.ಮೀ. ಮಾದರಿ ಅಲ್ಲಿ ಶೇ 7ರಷ್ಟೇ ತಡೆ. ಕಾನ್ಪುರ ಐಐಟಿಯ ರಾಷ್ಟ್ರೀಯ ಗಾಳಿ ಸುರಂಗ 3 ಮೀಟರ್ ಅಗಲ, 2.25 ಮೀಟರ್ ಎತ್ತರ. ಅಲ್ಲಿ ಶೇ 9.5. ಊರಿನ ಕಾಲೇಜಿನ ಚಿಕ್ಕ ಸುರಂಗವೂ ವ್ಯರ್ಥವಲ್ಲ. ಬ್ಲೇಡಿನ ಒಂದು ತುಂಡಿನ ಲಿಫ್ಟ್, ಡ್ರ್ಯಾಗ್ ಅಳೆಯಲು, ಬ್ಲೇಡು ಹಿಡಿದಿರುವ ತೋಳಿನ ಡ್ರ್ಯಾಗ್ ನೋಡಲು, ಗಾಳಿಯ ಒತ್ತಡದಿಂದ ವೇಗ ಅಳೆಯುವ ಪಿಟೋ ನಳಿಕೆ ಮತ್ತು ಸೆನ್ಸರುಗಳನ್ನು ಪಳಗಿಸಿಕೊಳ್ಳಲು ಅದೇ ಸರಿ. ದೊಡ್ಡ ಸುರಂಗದಲ್ಲಿ ಸಿಗುವ ಸಮಯ ಕಡಿಮೆ. ಅಲ್ಲಿ ಹೋಗಿ ಸೆನ್ಸರಿನ ವೈರು ಹುಡುಕುತ್ತ ಕೂರಬಾರದು.

ಮಾದರಿ ಕಟ್ಟುವಾಗ

ಬ್ಲೇಡಿಗೆ ಫೋಮ್ ತಿರುಳಿನ ಮೇಲೆ ಕಾರ್ಬನ್ ಅಥವಾ ಗ್ಲಾಸ್ ಫೈಬರ್ ಹೊದಿಕೆ ಒಳ್ಳೆಯದು. 800 ಮಿ.ಮೀ. ಬ್ಲೇಡು 200 ಗ್ರಾಂ ಇದ್ದರೆ ಎಳೆತ ಸುಮಾರು 72 ಕೆ.ಜಿ. ಬಲ, ಪ್ರತಿ ಬ್ಲೇಡಿಗೆ ಎರಡು ತೋಳು ಕೊಟ್ಟು, ತೋಳುಗಳನ್ನು ತುದಿಯಿಂದ ಬ್ಲೇಡಿನ ಉದ್ದದ ಸುಮಾರು ಐದನೇ ಒಂದರಷ್ಟು ಒಳಗೆ ಹಾಕಿದರೆ ಬಾಗುವುದು ಕಡಿಮೆ. ತೋಳು ದುಂಡು ರಾಡ್ ಆಗಬಾರದು. ಅದಕ್ಕೂ ಏರೋಫಾಯಿಲ್ ಆಕಾರ ಕೊಡಬೇಕು, ಏಕೆಂದರೆ ತೋಳುಗಳು ನುಂಗುವ ಶಕ್ತಿ ತಿರುಗುವ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಎತ್ತರದ ಟಿಎಸ್‌ಆರ್‌ನಲ್ಲಿ ಗೆರೆ ಏಕಾಏಕಿ ಕುಸಿದರೆ ಮೊದಲು ಅನುಮಾನಿಸಬೇಕಾದದ್ದು ಅವನ್ನೇ.

ಬ್ಲೇಡು ಕೂರಿಸುವ ಕೋನದಲ್ಲಿ ಒಂದೆರಡು ಡಿಗ್ರಿ ಆಚೀಚೆಯಾದರೂ ಗೆರೆಯ ಆಕಾರವೇ ಬದಲಾಗುತ್ತದೆ. 80 ಮಿ.ಮೀ. ಬ್ಲೇಡನ್ನು ಮುಂದಿನ ಅಂಚಿನಿಂದ ಕಾಲು ಭಾಗದಲ್ಲಿ ಹಿಡಿದಿದ್ದರೆ, ಹಿಂದಿನ ಅಂಚು 1 ಮಿ.ಮೀ. ಸರಿದರೆ ಸಾಕು, ಸುಮಾರು ಒಂದು ಡಿಗ್ರಿ ಹೋಯಿತು. ಲೇತ್‌ನಲ್ಲಿ ತಿರುಗಿಸಿದ ಹಬ್, ಮೂರೂ ಬ್ಲೇಡನ್ನು ಒಂದೇ ಕೋನದಲ್ಲಿ ಹಿಡಿಯುವ ಒಂದೇ ಅಚ್ಚು (ಜಿಗ್), ಕೂರಿಸಿದ ಮೇಲೆ ಡಿಜಿಟಲ್ ಆ್ಯಂಗಲ್ ಗೇಜಿನಿಂದ ಮೇಲೆ, ಕೆಳಗೆ ಎರಡೂ ಕಡೆ ಅಳತೆ. ಬಳ್ಳಾರಿಯಿಂದ ಬೆಂಗಳೂರಿಗೆ 300 ಕಿ.ಮೀ. ಗಾಡಿಯಲ್ಲಿ ಹೋದ ರೋಟರನ್ನು ಅಲ್ಲಿ ಮತ್ತೊಮ್ಮೆ ಜಿಗ್‌ಗೆ ಹಾಕದೆ ಸುರಂಗಕ್ಕೆ ಏರಿಸಬೇಡಿ. ಹೀಗೆ ಅಳೆದ ಕೋನವನ್ನೇ ಸಿಮ್ಯುಲೇಶನ್ನಿಗೆ ಕೊಡಬೇಕು. ಡ್ರಾಯಿಂಗಿನಲ್ಲಿ ಬರೆದದ್ದನ್ನು ಕೊಟ್ಟರೆ ಬೇರೆ ಯಂತ್ರಕ್ಕೆ ಲೆಕ್ಕ ಹಾಕಿದಂತಾಗುತ್ತದೆ. ಬ್ಲೇಡನ್ನು ಹಿಡಿದ ಜಾಗವೂ ಅಷ್ಟೇ ಮುಖ್ಯ, ಏಕೆಂದರೆ ಬ್ಲೇಡು ವೃತ್ತದಲ್ಲಿ ಸಾಗುವುದರಿಂದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಗಾಳಿ ಬೇರೆ ಬೇರೆ ಕೋನದಲ್ಲಿ ತಗಲುತ್ತದೆ, ಸಮಮಿತಿಯ ಬ್ಲೇಡೂ ಬಾಗಿದ ಬ್ಲೇಡಿನಂತೆ ವರ್ತಿಸುತ್ತದೆ.

ಬ್ಯಾಲೆನ್ಸಿಂಗ್ ಬಗ್ಗೆ ಉದಾಸೀನ ಬೇಡ. ನಿಮಿಷಕ್ಕೆ 900 ಸುತ್ತಿನಲ್ಲಿ ಒಂದು ಗ್ರಾಂ ವ್ಯತ್ಯಾಸ 3.5 ನ್ಯೂಟನ್ ಬಲವಾಗಿ ಶಾಫ್ಟನ್ನು ಕುಲುಕುತ್ತದೆ. 900 ಸುತ್ತು ಎಂದರೆ ಸೆಕೆಂಡಿಗೆ 15, ಮೂರು ಬ್ಲೇಡಿನಿಂದ 45 ಹೊಡೆತ. ಗಾಳಿ ಬಿಡುವ ಮೊದಲು ಸ್ಟ್ಯಾಂಡನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಅದರ ಸಹಜ ಕಂಪನ ಅಳೆಯಬೇಕು. ಅದು 15 ಅಥವಾ 45ರ ಹತ್ತಿರ ಬಿದ್ದರೆ ಆ ವೇಗದಲ್ಲಿ ನಿಲ್ಲದೆ ಬೇಗ ದಾಟಬೇಕು, ಇಲ್ಲವೇ ಸ್ಟ್ಯಾಂಡಿಗೆ ಆಸರೆ ಸೇರಿಸಬೇಕು. ಪರೀಕ್ಷೆ ನಡೆಯುವಾಗ ರೋಟರು ತಿರುಗುವ ಮಟ್ಟಕ್ಕೆ ನೇರವಾಗಿ ಯಾರೂ ನಿಲ್ಲಕೂಡದು. ಸುರಂಗದ ಫ್ಯಾನಿಗೆ ಮೊದಲು ಜಾಲರಿ ಇರಲೇಬೇಕು. ಹಾರಿದ ಬ್ಲೇಡು ಮಾದರಿಯ ಜೊತೆ ಸುರಂಗದ ಫ್ಯಾನನ್ನೂ ಕೆಡಿಸುತ್ತದೆ.

ಟಾರ್ಕ್, ಘರ್ಷಣೆ, ಗಾಳಿಯ ವೇಗ

ಶಾಫ್ಟಿನ ಕೆಳಗೆ ಕ್ರಮವಾಗಿ ಕಪ್ಲಿಂಗ್, ಟಾರ್ಕ್ (ತಿರುಚುವ ಬಲ) ಅಳೆಯುವ ಸೆನ್ಸರ್, ಮತ್ತೊಂದು ಕಪ್ಲಿಂಗ್, ಮೋಟರು. ಬ್ರೇಕಿನ ಬದಲು ಮೋಟರು ಯಾಕೆ ಎಂದರೆ, ಈ ಯಂತ್ರಗಳು ಕಡಿಮೆ ಟಿಎಸ್‌ಆರ್‌ನಲ್ಲಿ ತಾವಾಗಿ ಎದ್ದು ತಿರುಗುವುದು ಕಷ್ಟ. ಅಲ್ಲಿ ಟಾರ್ಕ್ ಶೂನ್ಯಕ್ಕಿಂತ ಕೆಳಗೂ ಹೋಗುತ್ತದೆ. ಬರೀ ಬ್ರೇಕ್ ಹಾಕಿದರೆ ಗೆರೆಯ ಶಿಖರದ ಎಡಭಾಗದಲ್ಲಿ ನಿಲ್ಲಲು ಆಗುವುದೇ ಇಲ್ಲ. ಲೋಡ್ ಸ್ವಲ್ಪ ಹೆಚ್ಚಾದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಟಾರ್ಕ್ ಇನ್ನೂ ಇಳಿಯುತ್ತದೆ, ರೋಟರು ನಿಂತೇಬಿಡುತ್ತದೆ. ವೇಗವನ್ನು ಹಿಡಿದಿಡುವ ಸರ್ವೋ ಮೋಟರು, ತಳ್ಳಲೂ ತಡೆಯಲೂ ಬರುವ ಡ್ರೈವ್, ತಡೆದ ಶಕ್ತಿಯನ್ನು ಸುಡಲು ರೆಸಿಸ್ಟರ್ ಇಟ್ಟರೆ ಇಡೀ ಗೆರೆಯನ್ನು ಎಡದಿಂದ ಬಲಕ್ಕೆ ಅಳೆಯಬಹುದು.

ಟಾರ್ಕ್ ಎಷ್ಟಿರುತ್ತದೆ? ಬೆಂಗಳೂರಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.06 ಕೆ.ಜಿ. ಎಂದು ಹಿಡಿದರೆ, 800 ಮಿ.ಮೀ. ರೋಟರಿಗೆ ಸೆಕೆಂಡಿಗೆ 15 ಮೀಟರ್ ಗಾಳಿಯಲ್ಲಿ ಸಿಗುವ ಒಟ್ಟು ಶಕ್ತಿ 1,145 ವ್ಯಾಟ್. ಸಿಪಿ 0.3 ಆದರೆ ಶಾಫ್ಟಿನಲ್ಲಿ 343 ವ್ಯಾಟ್, ಟಾರ್ಕ್ ಸುಮಾರು 3.7 ನ್ಯೂಟನ್-ಮೀಟರ್. ಅದಕ್ಕೆ 10 ನ್ಯೂಟನ್-ಮೀಟರ್ ಸೆನ್ಸರ್ ಸಾಕು. 50ರದ್ದು ಇದೆಯಲ್ಲ ಎಂದು ಅದನ್ನೇ ಹಾಕಿದರೆ ಅದರ ತಪ್ಪೇ ಅಳತೆಯನ್ನು ನುಂಗುತ್ತದೆ. ಚಿಕ್ಕ 400 ಮಿ.ಮೀ. ಮಾದರಿಯ ಸಂಕಟ ಇಲ್ಲೂ ಎದ್ದು ಕಾಣುತ್ತದೆ: ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಸಿಪಿ 0.2 ಇದ್ದರೆ ಟಾರ್ಕ್ ಬರೀ 0.05 ನ್ಯೂಟನ್-ಮೀಟರ್. ಬೇರಿಂಗಿನ ಘರ್ಷಣೆ 0.015 ಇದ್ದರೂ ಶೇ 30 ಹೋಯಿತು. ರಬ್ಬರ್ ಸೀಲಿನ ಬೇರಿಂಗ್ ಬಿಟ್ಟು ಲೋಹದ ಮುಚ್ಚಳದ್ದನ್ನು ಹಾಕಿ, ದಪ್ಪ ಗ್ರೀಸ್ ತೊಳೆದು ತೆಳು ಎಣ್ಣೆ ಬಿಟ್ಟರೆ ಘರ್ಷಣೆ ಎಷ್ಟೋ ಇಳಿಯುತ್ತದೆ. ಬೇರಿಂಗ್ ಬಿಸಿಯಾದಂತೆ ಘರ್ಷಣೆ ಬದಲಾಗುವುದರಿಂದ ಅಳೆಯುವ ಮೊದಲು ಹತ್ತು ನಿಮಿಷವಾದರೂ ಖಾಲಿ ತಿರುಗಿಸಬೇಕು.

ಅಳತೆಯಿಂದ ಘರ್ಷಣೆಯ ಪಾಲನ್ನು ಬೇರ್ಪಡಿಸಲು ಬ್ಲೇಡು ಬಿಚ್ಚಿ, ತೋಳು ಮತ್ತು ಶಾಫ್ಟನ್ನು ಮೋಟರಿನಿಂದ ಅದೇ ವೇಗಗಳಲ್ಲಿ ತಿರುಗಿಸಿ ಟಾರ್ಕ್ ಬರೆದುಕೊಳ್ಳುತ್ತಾರೆ. ಇದು ಟೇರ್ ಪರೀಕ್ಷೆ. ಒಮ್ಮೆ ತೋಳುಗಳ ಸಮೇತ, ಒಮ್ಮೆ ಬರೀ ಶಾಫ್ಟು. ಎರಡರ ವ್ಯತ್ಯಾಸ ತೋಳುಗಳ ಪಾಲು. ಸಿಮ್ಯುಲೇಶನ್ನಿನಲ್ಲಿ ತೋಳುಗಳೇ ಇಲ್ಲದಿದ್ದರೆ ಬ್ಲೇಡಿನ ಟಾರ್ಕಿಗೆ ಹೋಲಿಸಬೇಕು, ತೋಳುಗಳಿದ್ದರೆ ಅವು ಸೇರಿದ ಟಾರ್ಕಿಗೆ. ಯಾವುದಕ್ಕೆ ಯಾವುದನ್ನು ಹೋಲಿಸಿದೆವು ಎಂದು ಬರೆಯದ ವರದಿಗೆ ಬೆಲೆಯಿಲ್ಲ. ಜನರೇಟರಿಗೆ ಬಲ್ಬು ಕಟ್ಟಿ ವೋಲ್ಟೇಜು, ಕರೆಂಟು ಗುಣಿಸಿ ಅದನ್ನೇ ರೋಟರಿನ ಸಿಪಿ ಎನ್ನುವುದು ಇನ್ನೂ ದೊಡ್ಡ ಗೊಂದಲ; ಅದರಲ್ಲಿ ಜನರೇಟರಿನ ನಷ್ಟವೂ ಸೇರಿರುತ್ತದೆ.

ಗಾಳಿಯ ವೇಗದಲ್ಲಿ ಶೇ 1 ತಪ್ಪಾದರೆ ಸಿಪಿಯಲ್ಲಿ ಶೇ 3 ತಪ್ಪು. ಪಿಟೋ ನಳಿಕೆಯಲ್ಲಿ ಸೆಕೆಂಡಿಗೆ 10 ಮೀಟರ್‌ಗೆ ಸಿಗುವ ಒತ್ತಡ ಬರೀ 53 ಪಾಸ್ಕಲ್, 5 ಮೀಟರ್‌ಗೆ 13 ಪಾಸ್ಕಲ್. 250 ಪಾಸ್ಕಲ್‌ವರೆಗೆ ಓದುವ ಮ್ಯಾನೋಮೀಟರು ಪೂರ್ಣ ಅಳತೆಯ ಶೇ 0.5ರಷ್ಟು ನಿಖರ ಎಂದು ಬರೆದಿದ್ದರೆ ಅದರ ತಪ್ಪು 1.25 ಪಾಸ್ಕಲ್, 13 ಪಾಸ್ಕಲ್ ಅಳೆಯುವಾಗ ಸಿಪಿಯಲ್ಲಿ ಅದು ಶೇ 14 ತಪ್ಪಾಗಿ ಹೊರಬೀಳುತ್ತದೆ. ಪಿಟೋವನ್ನು ರೋಟರಿಗೆ ಹತ್ತಿರ ಇಟ್ಟರೆ ಆಗಲೇ ನಿಧಾನವಾದ ಗಾಳಿಯನ್ನು ಅದು ಓದುತ್ತದೆ, ಸಿಪಿ ಮತ್ತೆ ಉಬ್ಬುತ್ತದೆ. ಕನಿಷ್ಠ ಒಂದೂವರೆ ಎರಡು ವ್ಯಾಸ ಮುಂದೆ ಇಡಬೇಕು. ಅದಕ್ಕಿಂತ ಒಳ್ಳೆಯದು, ಖಾಲಿ ಸುರಂಗದಲ್ಲಿ ರೋಟರಿನ ಜಾಗದಲ್ಲೇ ವೇಗ ಅಳೆದು, ಸುರಂಗದ ಕಿರಿದಾಗುವ ಭಾಗದ ಗೋಡೆ ಒತ್ತಡದೊಂದಿಗೆ ಅದರ ಸಂಬಂಧ ಗುರುತು ಮಾಡಿಕೊಳ್ಳುವುದು.

ಸಾಂದ್ರತೆಗೆ ಒತ್ತಡ ಬೇಕು, ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಒತ್ತಡ ಮಾತ್ರ ಬೇಡ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ, 1,010 ಹೆಕ್ಟೋಪಾಸ್ಕಲ್ ಆಸುಪಾಸು. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನಿಜವಾದ ಒತ್ತಡ 910ರ ಸುತ್ತ. ಆ್ಯಪ್ ನಂಬಿದರೆ ಸಾಂದ್ರತೆಯಲ್ಲೇ ಶೇ 10ಕ್ಕೂ ಹೆಚ್ಚು ತಪ್ಪು. ಸುರಂಗದ ಒಳಗೆ ಬ್ಯಾರೋಮೀಟರು, ಥರ್ಮಾಮೀಟರು ಇಟ್ಟು ಪ್ರತಿ ಓದಿನ ಜೊತೆಗೂ ದಾಖಲಿಸಬೇಕು. ಗಾಳಿ ಸುತ್ತಿ ಸುತ್ತಿ ಬರುವ ಮುಚ್ಚಿದ ಸುರಂಗದಲ್ಲಂತೂ ಗಾಳಿಯೇ ಕಾಯುತ್ತದೆ. 15 ಡಿಗ್ರಿ ಏರಿದರೆ ಸಾಂದ್ರತೆ ಶೇ 5 ಇಳಿಯುತ್ತದೆ.

ಓದು ತೆಗೆದುಕೊಳ್ಳುವ ರೀತಿ ಹೀಗೆ: ಗಾಳಿ ನಿಂತಿರುವಾಗ ಸೆನ್ಸರಿನ ಶೂನ್ಯ ಬರೆದುಕೊಂಡು, ವೇಗ ಸ್ಥಿರವಾದ ಮೇಲೆ 30 ಸೆಕೆಂಡ್ ದಾಖಲಿಸಿ, ಟಿಎಸ್‌ಆರ್ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ಹೋಗಿ, ಕೊನೆಗೆ ಮತ್ತೆ ಶೂನ್ಯ ನೋಡುವುದು. ಏರುವಾಗ, ಇಳಿಯುವಾಗ ಬೇರೆ ಬೇರೆ ಅಂಕಿ ಬಂದರೆ ಸ್ಟಾಲಿನ ಪ್ರಭಾವವಿರಬಹುದು, ಸೆನ್ಸರು ಜಾರುತ್ತಿರಬಹುದು. ಶೂನ್ಯ ಸರಿದಿದೆಯೇ ಎಂದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಸುರಂಗದ ಫ್ಯಾನಿನ ವೇಗ ಹೊಂದಿಸುವ ಡ್ರೈವ್ (ವಿಎಫ್‌ಡಿ) ಪಕ್ಕದಲ್ಲೇ ಟಾರ್ಕ್ ಸೆನ್ಸರಿನ ವೈರು ಹಾದುಹೋದರೆ ಸಿಗ್ನಲ್ ತುಂಬ ಗದ್ದಲ. ಶೀಲ್ಡ್ ಇರುವ ತಿರುಚಿದ ಜೋಡಿ ವೈರು, ಒಂದೇ ಕಡೆ ಅರ್ಥಿಂಗ್ ಇರಲಿ. ಒಂದು ಸುತ್ತಿನೊಳಗೆ ಟಾರ್ಕ್ ಏರಿಳಿಯುವುದನ್ನು ಶಾಫ್ಟಿನ ಸೆನ್ಸರಿನಿಂದ ನೇರವಾಗಿ ಓದಿ ಸಿಮ್ಯುಲೇಶನ್ನಿಗೆ ಹೋಲಿಸಬಾರದು, ಏಕೆಂದರೆ ರೋಟರಿನ ಜಡತ್ವ ಅದರಲ್ಲಿ ಸೇರಿಕೊಂಡಿರುತ್ತದೆ. ಸುತ್ತಿನ ಸರಾಸರಿ ಮಾತ್ರ ಭದ್ರ.

ವೇಗದಲ್ಲಿ ಶೇ 1, ಟಾರ್ಕಿನಲ್ಲಿ ಶೇ 2, ಸಾಂದ್ರತೆ ಮತ್ತು ರೋಟರಿನ ವಿಸ್ತೀರ್ಣದಲ್ಲಿ ತಲಾ ಶೇ 0.5 ಅನಿಶ್ಚಿತತೆ ಇದ್ದರೆ ಸಿಪಿಯಲ್ಲಿ ಒಟ್ಟು ಶೇ 3.7 ಬರುತ್ತದೆ. ಗ್ರಾಫಿನ ಪ್ರತಿ ಬಿಂದುವಿನ ಮೇಲೂ ಈ ಅನಿಶ್ಚಿತತೆಯಷ್ಟು ಉದ್ದದ ಪಟ್ಟಿ ಹಾಕಿರಬೇಕು. ಸಿಮ್ಯುಲೇಶನ್ನಿನ ಗೆರೆ ಆ ಪಟ್ಟಿಯೊಳಗೆ ಬಿದ್ದರೆ ಅದಕ್ಕಿಂತ ಹೆಚ್ಚಿನ ಹೊಂದಾಣಿಕೆಯನ್ನು ಈ ಪರೀಕ್ಷೆ ಹೇಳಲಾರದು.

ಕಂಪ್ಯೂಟರಿನ ಕಡೆ

ಹೊಂದಿಸಿ ನೋಡುವ ಮೊದಲು ಸಿಮ್ಯುಲೇಶನ್ ತನ್ನೊಳಗೆ ತಾನು ಸರಿಯಿದೆಯೇ ಎಂದು ನೋಡಬೇಕು. ಗಾಳಿಯ ಜಾಗವನ್ನು ಲೆಕ್ಕಕ್ಕಾಗಿ ಪುಟ್ಟ ಕೋಶಗಳಾಗಿ ಭಾಗ ಮಾಡುವ ಜಾಲವನ್ನು ಮೂರು ಬೇರೆ ಬೇರೆ ಸಣ್ಣತನದಲ್ಲಿ ಹಾಕಿ ಉತ್ತರ ನಿಲ್ಲುತ್ತದೆಯೇ ಪರೀಕ್ಷಿಸಿ. ಬ್ಲೇಡಿನ ಮೈಗೆ ಅಂಟಿದ ಮೊದಲ ಕೋಶ ನಮ್ಮ ಮಾದರಿಗೆ ಸುಮಾರು 0.01 ಮಿ.ಮೀ. ಇರಬೇಕು, ಆಗ ಮೈಗಂಟಿದ ತೆಳು ಹರಿವಿಗೆ ಕೋಶ ಎಷ್ಟು ಸಣ್ಣದೆಂದು ಹೇಳುವ ವೈ ಪ್ಲಸ್ ಸಂಖ್ಯೆ 1ರ ಹತ್ತಿರ ಬರುತ್ತದೆ. ಪ್ರತಿ ಹೆಜ್ಜೆಗೆ ರೋಟರು ಅರ್ಧ ಡಿಗ್ರಿ ತಿರುಗಿದರೆ ಒಂದು ಸುತ್ತಿಗೆ 720 ಹೆಜ್ಜೆ. ಹಿಂದಿನ ಸುಳಿಗಳು ನೆಲೆಗೊಳ್ಳಲು 15-20 ಸುತ್ತು ಬೇಕು. ಐದನೇ ಸುತ್ತಿನಲ್ಲೇ ಸಿಪಿ ಓದಿದರೆ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಏಕೆಂದರೆ ಗಾಳಿ ಇನ್ನೂ ನಿಧಾನವಾಗಿರುವುದಿಲ್ಲ. ಕದಡಿದ ಹರಿವನ್ನು ಲೆಕ್ಕ ಹಾಕುವ ಕೆ-ಒಮೆಗಾ ಎಸ್‌ಎಸ್‌ಟಿ ಒಳ್ಳೆಯ ಗಣಿತ ಮಾದರಿಯೇ, ಆದರೆ ಅದು ಹರಿವು ಮೊದಲಿನಿಂದಲೂ ಕದಡಿದೆ ಎಂದು ಊಹಿಸುತ್ತದೆ. ಎರಡು ಲಕ್ಷಕ್ಕಿಂತ ಕೆಳಗಿನ ರೆನಾಲ್ಡ್ಸ್ ಸಂಖ್ಯೆಯಲ್ಲಿ ನಯದಿಂದ ಕದಡಿಗೆ ಹರಿವು ತಿರುಗುವುದನ್ನು ಲೆಕ್ಕಕ್ಕೆ ಹಿಡಿಯುವ ಟ್ರಾನ್ಸಿಶನ್ ಮಾದರಿಯನ್ನೂ ಓಡಿಸಿ ನೋಡಬೇಕು.

ಗಾಳಿಯನ್ನು ಕೊಳವೆಗಳಂತೆ ಭಾಗ ಮಾಡಿ ಲೆಕ್ಕ ಹಾಕುವ ಸರಳ ಸ್ಟ್ರೀಮ್‌ಟ್ಯೂಬ್ ವಿಧಾನ ಬಳಸುವವರು ಏರೋಫಾಯಿಲ್ ಕೋಷ್ಟಕಗಳ ಮೇಲೆ ನಿಂತಿರುತ್ತಾರೆ. ಸ್ಯಾಂಡಿಯಾ 1981ರಲ್ಲಿ ಹೊರತಂದ, 0ಯಿಂದ 180 ಡಿಗ್ರಿವರೆಗಿನ ಕೋಷ್ಟಕಗಳೇ ಇಂದಿಗೂ ಹೆಚ್ಚು ಬಳಕೆಯಲ್ಲಿವೆ. ಅವುಗಳಲ್ಲಿ ಕಡಿಮೆ ರೆನಾಲ್ಡ್ಸ್ ಸಂಖ್ಯೆಯ ಭಾಗ ಅಳೆದದ್ದಲ್ಲ, ಲೆಕ್ಕದಿಂದ ಬಂದದ್ದು. ಸಣ್ಣ ಯಂತ್ರಕ್ಕೆ ಬೇಕಾಗಿರುವುದು ಸರಿಯಾಗಿ ಅದೇ ಭಾಗ.

ಈಗ ಸುಳ್ಳು ಹೊಂದಾಣಿಕೆ ಹೇಗೆ ಹುಟ್ಟುತ್ತದೆ ನೋಡಿ. ಸಮಯ ಉಳಿಸಲು ಎರಡು ಆಯಾಮದಲ್ಲಿ, ತೋಳಿಲ್ಲದೆ, ವಿಶಾಲ ಬಯಲಿನಲ್ಲಿ ಸಿಮ್ಯುಲೇಶನ್ ಮಾಡುತ್ತಾರೆ. ಬ್ಲೇಡಿನ ತುದಿಯಲ್ಲಿ ಗಾಳಿ ಸೋರುವ ನಷ್ಟ ಅದರಲ್ಲಿಲ್ಲ, ತೋಳಿನ ನಷ್ಟವೂ ಇಲ್ಲ, ಹೀಗಾಗಿ ಸಿಪಿ ಹೆಚ್ಚು. ಅತ್ತ ಕಿರಿದಾದ ಸುರಂಗದಲ್ಲಿ ಗೋಡೆಗಳ ಒತ್ತಿನಿಂದ ಅಳತೆಯೂ ಹೆಚ್ಚು. ಎರಡೂ ಒಂದೇ ಎತ್ತರಕ್ಕೆ ಬಂದು ಕೂರುತ್ತವೆ, ‘ವ್ಯಾಲಿಡೇಟ್ ಆಯಿತು’ ಎಂದು ವರದಿ ಮುಗಿಯುತ್ತದೆ.

ಇದನ್ನು ತಪ್ಪಿಸಲು ನಮ್ಮ ದೃಷ್ಟಿಯಲ್ಲಿ ಒಂದೇ ಪ್ರಾಮಾಣಿಕ ದಾರಿ: ಮೊದಲು ಸುರಂಗವನ್ನೇ ಸಿಮ್ಯುಲೇಟ್ ಮಾಡಿ. ಮೂರು ಆಯಾಮ, ಅದೇ ಗೋಡೆಗಳು, ಅದೇ ಸ್ಟ್ಯಾಂಡು, ತೋಳು, ಅಳೆದ ಬ್ಲೇಡಿನ ಕೋನ, ಆ ದಿನದ ಸಾಂದ್ರತೆ, ಖಾಲಿ ಸುರಂಗದಲ್ಲಿ ಅಳೆದ ವೇಗ ಮತ್ತು ಗಾಳಿಯ ಕದಡು (ವೇಗ ಕ್ಷಣಕ್ಷಣಕ್ಕೂ ಏರಿಳಿಯುವ ಪ್ರಮಾಣ). ಕದಡಿನ ಅಂಕಿಯನ್ನು ಪ್ರವೇಶದಲ್ಲಿ ಕೊಟ್ಟರೆ ರೋಟರನ್ನು ಮುಟ್ಟುವಷ್ಟರಲ್ಲಿ ಅದು ಸವೆದಿರುತ್ತದೆ; ರೋಟರಿನ ಜಾಗದಲ್ಲಿ ಅಳೆದಷ್ಟು ಉಳಿಯುವಂತೆ ಪ್ರವೇಶದಲ್ಲಿ ಹೆಚ್ಚಿಸಿ ಕೊಡಬೇಕು. ಆಗ ತಡೆಯ ತಿದ್ದುಪಡಿ ಎಂಬ ಊಹೆಯೇ ಬೇಕಿಲ್ಲ. ಈ ಸಿಮ್ಯುಲೇಶನ್ ಅಳತೆಗೆ ಹೊಂದಿದರೆ, ಆಮೇಲೆ ಗೋಡೆ ತೆಗೆದು, ಗಾತ್ರ ಏರಿಸಿ ಹೊಲದ ಯಂತ್ರಕ್ಕೆ ಹೋಗಬಹುದು.

ಶಿಖರದ ಒಂದೇ ಬಿಂದು ಹೊಂದಿದರೆ ಸಾಲದು. ಎಡಭಾಗದಲ್ಲಿ ಸ್ಟಾಲಿನ ಆಳ್ವಿಕೆ, ಬಲಭಾಗದಲ್ಲಿ ಡ್ರ್ಯಾಗಿನ ಆಳ್ವಿಕೆ. ಮಾದರಿಯ ಕುಂದು ಕಾಣುವುದು ಈ ಎರಡು ತುದಿಗಳಲ್ಲೇ. ರೋಟರಿನ ಹಿಂದೆ ಒಂದು, ಎರಡು, ಮೂರು ವ್ಯಾಸದ ದೂರದಲ್ಲಿ ಹಾಟ್‌ವೈರಿನಿಂದ (ಬಿಸಿ ತಂತಿ ತಣಿಯುವುದರಿಂದ ವೇಗ ಹೇಳುವ ಸೆನ್ಸರಿನಿಂದ) ಅಡ್ಡಡ್ಡ ವೇಗ ಅಳೆದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಲಂಬ ಅಕ್ಷದ ಯಂತ್ರದ ಹಿಂದಿನ ನಿಧಾನ ಗಾಳಿ ನಡುವಿನಿಂದ ಒಂದು ಪಕ್ಕಕ್ಕೆ ವಾಲಿರುತ್ತದೆ. ಸಿಪಿ ಹೊಂದಿ ಈ ವಾಲಿಕೆ ಹೊಂದದಿದ್ದರೆ ಎಲ್ಲೋ ಎರಡು ತಪ್ಪು ಪರಸ್ಪರ ಕಳೆದುಹೋಗಿವೆ ಎಂದೇ ಅರ್ಥ.

ಬಳ್ಳಾರಿಯ ಬಿಸಿಲು, ಧೂಳಿಗೆ ತಂದಾಗ

ಸುರಂಗದ ಗಾಳಿಯಲ್ಲಿ ಕದಡು ಶೇ 1ಕ್ಕಿಂತ ಕಡಿಮೆ. ಮಾಳಿಗೆಯ ಎತ್ತರದಲ್ಲಿ ಶೇ 15-20 ಸಹಜ. ಸುರಂಗದಲ್ಲಿ ಕಡ್ಡಿಗಳ ಜಾಲರಿ ಅಡ್ಡ ಇಟ್ಟು ಕದಡು ಹೆಚ್ಚಿಸಿ ಮತ್ತೊಂದು ಗೆರೆ ಅಳೆಯುವುದು ಉತ್ತಮ. ಸಂಡೂರು, ತೋರಣಗಲ್ಲು ಕಡೆ ಕೆಂಪು ಧೂಳು ಬ್ಲೇಡಿನ ಮುಂದಿನ ಅಂಚಿಗೆ ಮೆತ್ತಿ ಒರಟಾಗುತ್ತದೆ. ಅಂಚಿಗೆ ಮರಳು ಕಾಗದದ ತೆಳು ಪಟ್ಟಿ ಅಂಟಿಸಿ ಒಂದು ಸುತ್ತು ಪರೀಕ್ಷೆ ಮಾಡಿದರೆ ಎಷ್ಟು ಇಳಿಯುತ್ತದೆಂದು ಮೊದಲೇ ತಿಳಿಯುತ್ತದೆ. ಬೇಸಗೆಯ 40 ಡಿಗ್ರಿಯಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.07 ಕೆ.ಜಿ., ಪುಸ್ತಕದ 1.225ಕ್ಕಿಂತ ಶೇ 13 ಕಡಿಮೆ. ನಮ್ಮ 2 ಮೀಟರ್ ಯಂತ್ರ ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಸಿಪಿ 0.3ರಂತೆ ಶಾಫ್ಟಿಗೆ ಕೊಡುವುದು 140 ವ್ಯಾಟ್ ಆಸುಪಾಸು, 4 ಮೀಟರ್‌ನಲ್ಲಿ 40ರ ಹತ್ತಿರ. ಇಷ್ಟೇ ಗಾತ್ರದ ಯಂತ್ರಕ್ಕೆ ‘2 ಕಿಲೋವ್ಯಾಟ್’ ಎಂದು ಬರೆದು ಮಾರಿದರೆ, ಯಾವ ವೇಗದಲ್ಲಿ, ಎಲ್ಲಿ ಅಳೆದದ್ದು ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಗೆರೆಯ ಬಲತುದಿಯನ್ನು ಬಹುಪಾಲು ಪರೀಕ್ಷೆಗಳು ಅಳೆಯದೇ ಬಿಡುತ್ತವೆ: ಲೋಡ್ ಇಲ್ಲದಾಗ ರೋಟರು ಎಷ್ಟು ಜೋರಾಗಿ ಓಡುತ್ತದೆ ಎಂಬುದು. ವೈರು ತುಂಡಾದ ದಿನ ಯಂತ್ರ ಹೋಗಿ ಮುಟ್ಟುವುದು ಅಲ್ಲಿಗೇ. ಆ ತುದಿ ಟಿಎಸ್‌ಆರ್ 4ರಲ್ಲಿದ್ದರೆ, ಆಷಾಢದ ಗಾಳಿ ಸೆಕೆಂಡಿಗೆ 20 ಮೀಟರ್ ರಭಸದಲ್ಲಿ ಬಡಿದಾಗ ಬ್ಲೇಡಿನ ವೇಗ ಸೆಕೆಂಡಿಗೆ 80 ಮೀಟರ್, ಸುತ್ತು ನಿಮಿಷಕ್ಕೆ 760. 3 ಕೆ.ಜಿ. ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಎರಡು ಟನ್. ತೋಳಿನ ಬೋಲ್ಟುಗಳನ್ನು ಆರಿಸಬೇಕಾದದ್ದು ಈ ಅಂಕಿಗೆ. ಜನರೇಟರಿನ ಮೂರು ವೈರುಗಳನ್ನು ಕೂಡಿಸಿ ತಡೆಯುವ ಸ್ವಿಚ್ಚನ್ನು ರೋಟರು ವೇಗ ಹಿಡಿಯುವ ಮೊದಲೇ ಹಾಕಬೇಕು. ಪೂರ್ತಿ ಓಟದಲ್ಲಿ ಹಾಕಿದರೆ ಸುರುಳಿ ಸುಟ್ಟು ತಡೆಯೇ ಇಲ್ಲವಾಗುತ್ತದೆ. ಆದ್ದರಿಂದ ಶಾಫ್ಟಿನ ಮೇಲೆ ಯಾಂತ್ರಿಕ ಬ್ರೇಕ್ ಬೇರೆಯಾಗಿಯೇ ಇರಬೇಕು. ಅದರ ಟಾರ್ಕನ್ನು ಸುರಂಗದಲ್ಲಿ ಅಳೆದ ಅತಿ ಹೆಚ್ಚಿನ ಟಾರ್ಕಿನಿಂದ ಲೆಕ್ಕ ಹಾಕಿ, ಹೊಲದ ಗಾತ್ರಕ್ಕೆ ಮತ್ತು 20 ಮೀಟರ್ ಗಾಳಿಗೆ ಏರಿಸಿ, ಕನಿಷ್ಠ ಅದರ ಎರಡು ಪಟ್ಟು ಇಡಬೇಕು.